ಚಂದ್ರಗಿರಿ ಮತ್ತು ಚನ್ನಗಿರಿ: ಕೆಳದಿ ರಾಜ್ಯದ ಎರಡು ಗಡಿದುರ್ಗಗಳು

೧

ಬೆಟ್ಟದ ಮೇಲಿರುವ ಕೋಟೆಗಳೆಲ್ಲವನ್ನೂ ಗಿರಿದುರ್ಗವೆಂಬ ಒಂದೇ ಹೆಸರಿನಿಂದ ಕರೆಯುವುದು ನಮ್ಮಲ್ಲಿ ರೂಢಿಯಾಗಿದೆ. ಆ ಹೆಸರಿನೊಡನೆ ಒಂದು ಅಭಿಪ್ರಾಯವೂ ಸೇರಿಕೊಂಡೇ ಬರುವುದು. ಗಿರಿದುರ್ಗವೆಂದರೆ ಅರಸನ ಕಟ್ಟಕಡೆಯ ಆಶ್ರಯ. ಹಗೆಯು ನುಗ್ಗಿ ಬಂದಾಗ ಭಂಡಾರವನ್ನೂ ಪರಿವಾರವನ್ನೂ ಕೊಂಡು ಅವನು ಏರಿಹೋಗುವ ಸ್ಥಾನ. ಆದುದರಿಂದ ಬೆಟ್ಟವು ಎಷ್ಟು ಎತ್ತರವೋ ದುರ್ಗವು ಅಷ್ಟು ಶ್ರೇಷ್ಠ ಎಂಬುದೇ ಆ ಅಭಿಪ್ರಾಯ. ಚಿತ್ರದುರ್ಗವನ್ನೂ ಉಚ್ಚಂಗಿದುರ್ಗವನ್ನೂ ಕವಲೇದುರ್ಗವನ್ನೂ ಕಂಡವರಿಗೆ ಇದು ಸಹಜವಾಗಿಯೇ ತೋರುವುದು.

ಆದರೆ ಇದನ್ನೇ ಅಳತೆಗೋಲಾಗಿ ಹಿಡಿದು ದಾವಣಗೆರೆ ಜಿಲ್ಲೆಯ ಚನ್ನಗಿರಿಯ ಕೋಟೆಯನ್ನು ನೋಡಿದರೆ ಅದು ಅಲ್ಪವಾಗಿ ಕಾಣುವುದು. ಊರಿನ ಮಗ್ಗುಲಲ್ಲಿ ಎದ್ದಿರುವ ಸಾಧಾರಣ ಎತ್ತರದ ಗುಡ್ಡ, ಅದರ ಮೇಲೆ ಸುತ್ತುಗೋಡೆ, ಕೊತ್ತಳಗಳು, ಬಾಗಿಲು, ಒಳಗೆ ಹೊಂಡ, ಬೆಟ್ಟದ ರಂಗನಾಥನ ಗುಡಿ, ಇಷ್ಟೆ. ಅರಬ್ಬೀ ಸಮುದ್ರದ ಕರೆಯಲ್ಲಿ, ಕಾಸರಗೋಡು ಪಟ್ಟಣವನ್ನು ನೋಡುತ್ತ ನಿಂತಿರುವ ಚಂದ್ರಗಿರಿಯ ಕೋಟೆಯದೂ ಇದೇ ಬಗೆ. ಅದು ಸಮುದ್ರಮಟ್ಟಕ್ಕಿಂತ ಸುಮಾರು ೧೫೦ ಅಡಿ ಎತ್ತರದಲ್ಲಿ ಏಳು ಎಕರೆಗಿಂತ ತುಸು ಹೆಚ್ಚಾದ ನೆಲವನ್ನು ಮಾತ್ರ ಆವರಿಸಿದೆ. ಅದೇ ತೀರದಲ್ಲಿ ಅದಕ್ಕೆ ತೆಂಕಲಾಗಿ ಇರುವ ಬೇಕಲದ ಕೋಟೆಯೋ ಸುಮಾರು ೪೦ ಎಕರೆಯಷ್ಟು ವಿಸ್ತಾರವಾದುದು. ರಾಜಪರಿವಾರವನ್ನು ಬಹುಕಾಲ ಪೋಷಿಸುವುದಕ್ಕೆ ಬೇಕಾದ ವಿಸ್ತಾರವು ಚಂದ್ರಗಿರಿಯಲ್ಲಿಯೂ ಇಲ್ಲ, ಚನ್ನಗಿರಿಯಲ್ಲಿಯೂ ಇಲ್ಲ.

ಹಾಗಾದರೆ ಇವು ಹುಟ್ಟಿದುದು ಯಾವ ಪ್ರಯೋಜನಕ್ಕಾಗಿ? ಒಂದು ಕಡಲ ಕಡೆಗೂ ಮತ್ತೊಂದು ಬಯಲುಸೀಮೆಯ ಕಡೆಗೂ ಮುಖಮಾಡಿರುವ ಈ ಎರಡು ಬೆಟ್ಟಗಳು ಕೆಳದಿಯ ಒಂದೇ ರಾಜ್ಯದ ಎರಡು ಅಂಚುಗಳಲ್ಲಿ ಇದ್ದುವೆಂಬುದನ್ನು ಮನಸ್ಸಿಗೆ ತಂದುಕೊಂಡರೆ ಈ ಪ್ರಶ್ನೆಗೆ ಉತ್ತರವು ತಾನಾಗಿ ಗೋಚರಿಸುವುದು.

೨

ಮೊದಲು ಶಾಸ್ತ್ರದ ಮಾತು. ಮನುಸ್ಮೃತಿಯ ಏಳನೆಯ ಅಧ್ಯಾಯದಲ್ಲಿ ಧನ್ವದುರ್ಗ, ಮಹೀದುರ್ಗ, ಅಬ್ದುರ್ಗ, ವಾರ್ಕ್ಷದುರ್ಗ, ನೃದುರ್ಗ, ಗಿರಿದುರ್ಗ ಎಂದು ದುರ್ಗಗಳನ್ನು ಆರು ಬಗೆಯಾಗಿ ಹೇಳಿದೆ. ಮರುಭೂಮಿ, ಮಣ್ಣು ಅಥವಾ ಕಲ್ಲಿನ ಗೋಡೆ, ನೀರು, ಮರಗಳು, ಜನರ ಪಡೆ, ಬೆಟ್ಟ ಎಂಬಿವು ಕ್ರಮವಾಗಿ ಇವುಗಳ ರಕ್ಷಣೆ. ಇವೆಲ್ಲದರಲ್ಲಿಯೂ ಗಿರಿದುರ್ಗವೇ ಹಲವು ಗುಣಗಳಿಂದ ಮೇಲಾದುದರಿಂದ ಅರಸನು ಸರ್ವಪ್ರಯತ್ನದಿಂದಲೂ ಅದನ್ನೇ ಆಶ್ರಯಿಸಬೇಕೆಂದು ಅಲ್ಲಿಯ ವಿಧಿ. ಕೋಟೆಯ ಮೇಲೆ ನಿಂತ ಒಬ್ಬ ಬಿಲ್ಲಾಳು ಕೆಳಗಿನ ನೂರು ಮಂದಿಯನ್ನು ಎದುರಿಸಬಲ್ಲನೆಂಬ ಪ್ರಸಿದ್ಧವಾದ ಲೆಕ್ಕವೂ ಅಲ್ಲಿಯೇ ಇದೆ. ಒಡನೆಯೇ ಆಯುಧ, ಧನ, ಧಾನ್ಯ, ವಾಹನ, ಶಿಲ್ಪಿಗಳು, ಯಂತ್ರಗಳು, ಮೇವು, ನೀರು ಇವುಗಳಿಂದ ದುರ್ಗವು ತುಂಬಿರಬೇಕೆಂದು ಹೇಳಿರುವುದನ್ನು ನೋಡಿದರೆ, ಆ ಪ್ರಕರಣದ ದೃಷ್ಟಿ ಅರಸನು ನೆಲಸತಕ್ಕ ದುರ್ಗದ ಮೇಲಿದೆ ಎಂಬುದು ಸ್ಪಷ್ಟವಾಗುವುದು. ನಮ್ಮಲ್ಲಿ ಹಬ್ಬಿರುವ ಸಾಮಾನ್ಯಾಭಿಪ್ರಾಯಕ್ಕೆ ಬೇರು ಇಲ್ಲಿದೆ.

ಕೌಟಿಲ್ಯನ ಅರ್ಥಶಾಸ್ತ್ರದ ದೃಷ್ಟಿ ಇದಕ್ಕಿಂತ ಭಿನ್ನವಾದುದು. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಕಂಡುಹಿಡಿದು ೧೯೦೯ರಲ್ಲಿ ಅಚ್ಚುಮಾಡಿಸಿದ ಈ ಗ್ರಂಥದ ಎರಡನೆಯ ಅಧಿಕರಣದಲ್ಲಿ ದುರ್ಗಗಳು ನಾಲ್ಕೇ ಬಗೆ: ಔದಕ, ಪಾರ್ವತ, ಧಾನ್ವನ, ವನದುರ್ಗ. ಕೌಟಿಲ್ಯನು ಇವುಗಳನ್ನು ಲಕ್ಷಣದಿಂದ ವಿಂಗಡಿಸಿ ಸುಮ್ಮನಾಗದೆ ಉಪಯೋಗದಿಂದಲೂ ವಿಂಗಡಿಸುವನು. ನದಿಯ ದುರ್ಗವೂ ಪರ್ವತದ ದುರ್ಗವೂ ಜನಪದವನ್ನು ಕಾಯುವ ಸ್ಥಾನಗಳು. ಮರುಭೂಮಿಯ ಮತ್ತು ಕಾಡಿನ ದುರ್ಗಗಳು ಆಟವಿಕರ ನೆಲೆಗಳು, ಅಥವಾ ಆಪತ್ತಿನಲ್ಲಿ ಅರಸನು ಹಿಂಜರಿದು ಸೇರುವ ಎಡೆಗಳು. ಜನಪದದ ಕೊನೆಯಲ್ಲಿ, ನಾಲ್ಕು ದಿಕ್ಕುಗಳಲ್ಲಿಯೂ, ಪ್ರಕೃತಿಯೇ ನಿರ್ಮಿಸಿಕೊಟ್ಟ ಎಡೆಗಳನ್ನು ಆರಿಸಿ ಯುದ್ಧಕ್ಕೆ ತಕ್ಕ ದುರ್ಗಗಳನ್ನು ಮಾಡಬೇಕೆಂದೂ ಅವನು ವಿಧಿಸುವನು. ಜನಪದನಿವೇಶದ ಪ್ರಕರಣದಲ್ಲಿ ಅಂತಪಾಲರ, ಎಂದರೆ ಗಡಿಕಾವಲಿನವರ, ದುರ್ಗಗಳನ್ನು ಜನಪದದ ಬಾಗಿಲುಗಳೆಂದೇ ಕರೆದಿದ್ದಾನೆ. ಶುಲ್ಕದ ವಿಚಾರದಲ್ಲಿ ಆ ಅಂತಪಾಲನೇ ಸರಕಿನ ಗಾಡಿಯೊಂದಕ್ಕೆ ಒಂದೂಕಾಲು ಪಣದಂತೆ ದಾರಿಯ ಸುಂಕವನ್ನು ಎತ್ತತಕ್ಕವನೆಂದೂ, ದಾರಿಯಲ್ಲಿ ಕಳೆದುಹೋದ ಅಥವಾ ಕಳವಾದ ಸರಕಿಗೆ ಅವನೇ ಹೊಣೆಯೆಂದೂ ಹೇಳಿದೆ.

ಈ ಎರಡು ಮತಗಳನ್ನೂ ಒಂದೆಡೆ ಇಟ್ಟು ನೋಡಿದರೆ ಬೆಟ್ಟದ ಕೋಟೆಗಳಲ್ಲಿ ಎರಡು ಜಾತಿಗಳಿರುವುದು ತಿಳಿಯುವುದು. ಒಂದು ಆಶ್ರಯದುರ್ಗ, ಅದು ನಾಡಿನ ಒಡಲಿನಲ್ಲಿ, ದಾರಿಗಳಿಂದ ದೂರವಾಗಿ, ಕಾಡಿನಿಂದ ಮುಚ್ಚಿಕೊಂಡಿರಬೇಕು. ಮತ್ತೊಂದು ಗಡಿದುರ್ಗ, ಅದು ನಾಡಿನ ಅಂಚಿನಲ್ಲಿ, ದಾರಿಯ ಮೇಲೆಯೇ, ಹೊಳೆಯೂ ಊರೂ ಕಣ್ಣಿಗೆ ಬೀಳುವಂತೆ ಇರಬೇಕು. ಮೊದಲನೆಯದಕ್ಕೆ ಎತ್ತರವೂ ದುರ್ಗಮತ್ವವೂ ಗುಣ. ಎರಡನೆಯದಕ್ಕೆ ನೋಟವೂ ಸಾಮೀಪ್ಯವೂ ಗುಣ. ಊರಿನಿಂದ ಬೇಗ ಹತ್ತಲಾಗದ ಬೆಟ್ಟವು ಗಡಿಕಾವಲಿಗೆ ಬಾರದು.

೩

ಕೆಳದಿಯ ಅರಸರು ಶಾಸ್ತ್ರವನ್ನು ಅರಿಯದವರಲ್ಲ. ಆ ವಂಶದ ಬಸವರಾಜನೇ ೧೭೦೯ರಲ್ಲಿ ಶಿವತತ್ತ್ವರತ್ನಾಕರವೆಂಬ ಸಂಸ್ಕೃತದ ವಿಶ್ವಕೋಶವನ್ನು ರಚಿಸಿ, ರಾಜನೀತಿಯೇ ಮೊದಲಾದ ವಿದ್ಯೆಗಳೊಡನೆ ತನ್ನ ಪೂರ್ವಿಕರ ಚರಿತ್ರೆಯನ್ನೂ ಅದರಲ್ಲಿ ಅಡಕಮಾಡಿದನು. ಲಿಂಗಣ್ಣಕವಿಯ ಕೆಳದಿನೃಪವಿಜಯವು ಅದೇ ವಂಶದ ಕಥೆಯನ್ನು ಕನ್ನಡದಲ್ಲಿ ಚಂಪೂರೂಪವಾಗಿ ಹೇಳುವುದು. ಈ ಎರಡು ಗ್ರಂಥಗಳ ನೆರವಿನಿಂದ ನೋಡಿದರೆ, ಕೆಳದಿಯಲ್ಲಿ ಹುಟ್ಟಿ, ಇಕ್ಕೇರಿಯಲ್ಲಿ ಬೆಳೆದು, ಬಿದನೂರಿನಲ್ಲಿ ನೆಲೆನಿಂತ ಈ ರಾಜ್ಯವು ಮಲೆನಾಡನ್ನು ಒಡಲಾಗಿ ಉಳ್ಳುದಾಗಿ, ಒಂದು ಕೈಯನ್ನು ಘಟ್ಟದ ಕೆಳಗೆ ಕಡಲಿನತ್ತಲೂ ಇನ್ನೊಂದನ್ನು ಮೂಡಣ ಬಯಲಿನತ್ತಲೂ ಚಾಚಿದುದು ಕಾಣುವುದು.

ರಾಜ್ಯದ ಒಡಲಿನಲ್ಲಿದ್ದ ದುರ್ಗಕ್ಕೆ ಕವಲೇದುರ್ಗವೇ ದೃಷ್ಟಾಂತ. ತೀರ್ಥಹಳ್ಳಿಯ ಸೀಮೆಯ ದಟ್ಟವಾದ ಕಾಡಿನ ನಡುವೆ, ಸುತ್ತಿನ ಮೇಲೆ ಸುತ್ತಾಗಿ ಗೋಡೆಗಳನ್ನು ಉಳ್ಳ ಈ ಬೆಟ್ಟಕ್ಕೆ ಕೆಳದಿಯವರು ಭುವನಗಿರಿಯೆಂದು ಹೆಸರಿಟ್ಟರು. ಗುಡಿಗಳು, ಅರಮನೆಯ ತಳಹದಿ, ಕೊಳಗಳು ಅಲ್ಲಿ ಇಂದಿಗೂ ಇವೆ. ಬಿಜಾಪುರದ ಸೈನ್ಯವು ಮಲೆನಾಡಿಗೆ ನುಗ್ಗಿದಾಗ ಅರಸರು ಸೇರಿದುದು ಈ ಬೆಟ್ಟವನ್ನು. ೧೭೬೩ರಲ್ಲಿ ಹೈದರನು ಬಿದನೂರನ್ನು ಹಿಡಿದಾಗ ರಾಣಿ ವೀರಮ್ಮಾಜಿಯು ಹೋಗಿ ಸೇರಿದುದೂ ಘಟ್ಟದ ನೆತ್ತಿಯ ಬಲ್ಲಾಳರಾಯನದುರ್ಗವನ್ನು. ಆಪತ್ತಿನಲ್ಲಿ ಹಿಂಜರಿಯುವ ಎಡೆಯೆಂದು ಕೌಟಿಲ್ಯನು ಹೇಳುವ ದುರ್ಗಗಳು ಇವು. ಚಂದ್ರಗಿರಿಗಾಗಲಿ ಚನ್ನಗಿರಿಗಾಗಲಿ ಇಂಥ ಕಥೆ ಅಂಟಿಕೊಂಡಿಲ್ಲ. ಅವುಗಳ ಕೆಲಸವೇ ಬೇರೆ.

೪

ಕಡಲಿನ ಕಡೆಯ ಬಾಗಿಲನ್ನು ಮೊದಲು ನೋಡಬಹುದು. ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ ಸುಳ್ಯದ ಮಾರ್ಗವಾಗಿ ಇಳಿದುಬರುವ ಪಯಸ್ವಿನಿಯು ಕಡಲನ್ನು ಸೇರುವ ಮೊದಲು ಚಂದ್ರಗಿರಿಹೊಳೆ ಎನ್ನಿಸಿಕೊಳ್ಳುವುದು. ಹೊಳೆಯ ಬಡಗಣ ದಡದ ಕಡೆಗೆ ಕಾಸರಗೋಡು ಪಟ್ಟಣ. ತೆಂಕಣ ದಡದ ಗುಡ್ಡದ ಮೇಲೆ ಮುರಕಲ್ಲಿನ ಕೋಟೆ. ಕೊತ್ತಳದ ಮೇಲೆ ನಿಂತರೆ ಹೊಳೆಯ ತಿರುವು, ಅಳಿವೆ, ಅದರಾಚೆಯ ಕಡಲು, ತೆಂಗಿನ ತೋಟಗಳ ನಡುವಣ ಊರು, ಎಲ್ಲವೂ ಒಂದೇ ನೋಟಕ್ಕೆ ಸಿಕ್ಕುವುವು. ಒಳನಾಡಿನ ಸರಕು ಹೊಳೆಯಲ್ಲಿ ಇಳಿದು ಬರಲಿ, ಹೊರಗಿನ ಹಡಗು ಅಳಿವೆಯ ಬಳಿಗೆ ಬರಲಿ, ತೀರದ ದಾರಿಯನ್ನು ಹಿಡಿದು ದಂಡು ಬರಲಿ, ಈ ಗುಡ್ಡದ ಕಣ್ಣನ್ನು ತಪ್ಪಿಸಿ ಹೋಗುವಂತಿರಲಿಲ್ಲ.

ಈ ಹೊಳೆಯು ಬಹುಕಾಲದಿಂದ ಒಂದು ಗಡಿ. ಇದರ ಬಡಗಲು ತುಳುನಾಡು, ಕುಂಬಳೆಯ ಅರಸರ ಸೀಮೆ. ತೆಂಕಲು ಮಲೆಯಾಳ ದೇಶ, ಕೋಲತ್ತಿರಿಯ ನಾಡು. ೧೮೦೧ರಲ್ಲಿ ಈ ದಾರಿಯಾಗಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಕೂಡ ಮಲೆಯಾಳಕ್ಕೂ ತುಳುವಕ್ಕೂ ಈ ಹೊಳೆಯೇ ಮೇರೆಯೆಂದು ಗುರುತುಮಾಡಿಕೊಂಡನು. ಹಾಗಿರುವಲ್ಲಿ, ತುಳುನಾಡನ್ನು ಆಳುತ್ತಿದ್ದವರು ಕೋಟೆಯನ್ನು ತಮ್ಮ ಕಡೆಯ ದಡದಲ್ಲಿ ಕಟ್ಟದೆ ಆಚೆಯ ದಡದಲ್ಲಿ ಕಟ್ಟಿದುದು ವಿಚಾರಮಾಡತಕ್ಕ ಅಂಶ. ಹೊಳೆಯನ್ನು ಅಗಳಿನಂತೆ ಮುಂದಿಟ್ಟುಕೊಂಡು ಅದರ ಹಿಂದೆ ಅವಿತು ಕುಳಿತವರ ಕೋಟೆಯಲ್ಲ ಇದು. ಹೊಳೆಯನ್ನು ದಾಟಿ, ಅದನ್ನು ಬೆನ್ನಿಗೆ ಇಟ್ಟುಕೊಂಡು, ಮುಂದಕ್ಕೆ ಕಾಲೂರಿದವರ ಕೋಟೆ. ಮೇರೆಯನ್ನು ಕಾಯುವುದಕ್ಕೆ ಮೇರೆಯ ಎರಡು ದಡಗಳೂ ಕೈವಶವಾಗಿರಬೇಕೆಂಬ ನೀತಿಯು ಇದರಲ್ಲಿ ಕಾಣುವುದು.

೧೬೪೫ರಿಂದ ೧೬೬೦ರವರೆಗೆ ಆಳಿದ ಶಿವಪ್ಪನಾಯಕನೇ ಈ ಕೋಟೆಯನ್ನು ಕಟ್ಟಿಸಿದವನೆಂದು ಪ್ರತೀತಿ. ೧೬೫೦ರ ದಶಕದಲ್ಲಿ ಅವನು ಹೊನ್ನಾವರ, ಗಂಗೊಳ್ಳಿ, ಬಸರೂರು, ಮಂಗಳೂರುಗಳಲ್ಲಿ ಬೇರೂರಿದ್ದ ಪೋರ್ಚುಗೀಸರ ಬಲವನ್ನು ಮುರಿದು ಕರಾವಳಿಯ ಅಕ್ಕಿ ಮೆಣಸುಗಳ ವ್ಯಾಪಾರವನ್ನು ತನ್ನ ವಶಮಾಡಿಕೊಂಡನು. ಹಾಗೆ ಗಳಿಸಿದ ತೀರಕ್ಕೆ ತೆಂಕಣ ಬಾಗಿಲೊಂದು ಬೇಕಾಯಿತೆಂಬುದು ಸಹಜವಾದ ಊಹೆ. ಅಲ್ಲಿಂದ ಮುಂದೆ ತೀರವನ್ನು ಹಿಡಿದು ತೆಂಕಲಿಗೆ ಹೋದಂತೆ ಬೇಕಲ, ಅದರಾಚೆ ಕಾಞಂಗಾಡಿನ ಬಳಿ ಹೊಸದುರ್ಗ. ಕಾಲಕ್ರಮದಲ್ಲಿ ಬಾಗಿಲು ಮುಂದುಮುಂದಕ್ಕೆ ಸರಿದುದಕ್ಕೆ ಈ ಕೋಟೆಗಳ ಸಾಲೇ ಸಾಕ್ಷಿ. ೧೭೩೦ರ ದಶಕದಲ್ಲಿ ಎರಡನೆಯ ಸೋಮಶೇಖರನಾಯಕನ ಸೈನ್ಯವು ಕೋಲತ್ತಿರಿಯ ನಾಡಿನೊಳಕ್ಕೆ ನುಗ್ಗಿ ಹೋದುದು ಈ ಮೆಟ್ಟಿಲುಗಳ ಮೇಲೆಯೇ. ಮಲೆಯಾಳವನ್ನಾಡುವ ಜನರ ನಡುವೆ ಹೊಸದುರ್ಗವೆಂಬ ಕನ್ನಡದ ಹೆಸರು ಉಳಿದಿರುವುದು ಆ ಕಾಲದ ಕುರುಹು.

೫

ಇನ್ನು ಬಯಲಿನ ಕಡೆಯ ಬಾಗಿಲು. ಕಡಲಿನ ಅಂಚಿನಲ್ಲಿ ಮೇರೆಯು ಒಂದು ಹೊಳೆ. ಇಲ್ಲಿಯ ಮೇರೆಗೆ ಅಂಥ ಒಂದೇ ಗೆರೆಯಿಲ್ಲ. ಶಿವಮೊಗ್ಗದಿಂದ ಈಶಾನ್ಯಕ್ಕೆ ಬರಬರುತ್ತ ಮಳೆ ಕಡಮೆಯಾಗುವುದು, ಕಾಡು ಕುರುಚಲಾಗುವುದು, ಅಡಕೆಯ ತೋಟಗಳು ಕೆರೆಯ ಹಿಂದೆ ತಗ್ಗಿಗೆ ಸೇರಿಕೊಳ್ಳುವುವು, ಜೋಳ ರಾಗಿಗಳ ಹೊಲಗಳು ತೆರೆದುಕೊಳ್ಳುವುವು. ಇಂದಿನ ದಾವಣಗೆರೆ ಜಿಲ್ಲೆಯ ನಾಲ್ಕು ತಾಲ್ಲೂಕುಗಳನ್ನು ಸಾಲಾಗಿ ನೋಡಿದರೆ ಈ ಇಳಿತವು ಚೆನ್ನಾಗಿ ತಿಳಿಯುವುದು. ನ್ಯಾಮತಿಯು ಮಲೆನಾಡಿನ ಮತ್ತು ಬಯಲುಸೀಮೆಯ ಸರಕುಗಳು ಕೈ ಬದಲಾಯಿಸುವ ಪೇಟೆಯಾಗಿ ಹೆಸರುಗೊಂಡ ಊರು. ಹೊನ್ನಾಳಿಯು ತುಂಗಭದ್ರೆಯ ದಡದ ಊರು. ಚನ್ನಗಿರಿಯು ಸೂಳೆಕೆರೆಯ, ಎಂದರೆ ಶಾಂತಿಸಾಗರದ, ನೀರಿನಿಂದ ಹಸುರಾದ ಸೀಮೆ. ಜಗಳೂರು ಪೂರ್ಣವಾಗಿ ಒಣನೆಲ. ೧೯೯೭ರಲ್ಲಿ ಈ ಜಿಲ್ಲೆಯು ರಚಿತವಾದಾಗ ಚನ್ನಗಿರಿ ಹೊನ್ನಾಳಿಗಳು ಶಿವಮೊಗ್ಗ ಜಿಲ್ಲೆಯಿಂದಲೂ ಜಗಳೂರು ಚಿತ್ರದುರ್ಗ ಜಿಲ್ಲೆಯಿಂದಲೂ ಬಂದು ಸೇರಿದುವು. ನ್ಯಾಮತಿಯು ಆಮೇಲೆ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾಯಿತು. ಬಿದನೂರಿನ ಸೀಮೆಗೂ ಚಿತ್ರದುರ್ಗದ ಸೀಮೆಗೂ ನಡುವೆ ಇದ್ದ ಹಳೆಯ ಹೊಲಿಗೆಯ ಗುರುತು ಈ ಜಿಲ್ಲೆಯ ರಚನೆಯಲ್ಲಿಯೇ ಹೀಗೆ ಉಳಿದುಕೊಂಡಿದೆ.

ಈ ನೆಲವನ್ನು ಮೊದಲು ಆಳುತ್ತಿದ್ದವರು ಬಸವಾಪಟ್ಟಣ ಸಂತೆಬೆನ್ನೂರುಗಳ ನಾಯಕರು. ಸಂತೆಬೆನ್ನೂರಿನ ಪುಷ್ಕರಿಣಿಯನ್ನು ಕಟ್ಟಿಸಿದ ಹನುಮಪ್ಪನಾಯಕನು ಈ ಮನೆತನದವನು. ರಂಗನಾಥನು ಇವರ ಆರಾಧ್ಯದೈವ. ಸಂತೆಬೆನ್ನೂರಿನಲ್ಲಿದ್ದ ರಂಗನಾಥನ ಗುಡಿಯು ಬಿಜಾಪುರದ ರಣದುಲ್ಲಾಖಾನನ ದಂಡಯಾತ್ರೆಯಲ್ಲಿ ಹಾಳಾಯಿತು. ಮನೆತನವು ಕೊನೆಗೆ ತರೀಕೆರೆಯನ್ನು ಸೇರಿತು. ಚನ್ನಗಿರಿಯ ಬೆಟ್ಟದಲ್ಲಿಯೂ ನೆಲಸಿರುವವನು ರಂಗನಾಥನೇ ಎಂಬುದನ್ನು ನೆನೆದರೆ, ಆ ಬೆಟ್ಟವು ಕೆಳದಿಯವರ ಕೈಗೆ ಬರುವುದಕ್ಕೆ ಮೊದಲೇ ದೇವರ ಬೆಟ್ಟವಾಗಿದ್ದಿತೆಂದು ಊಹಿಸುವುದು ಅಸಂಗತವಲ್ಲ. ಕೆಳದಿಯ ಅರಸರು ವೀರಶೈವರು. ತಾವಾಗಿ ಹೊಸ ನೆಲೆಯೊಂದನ್ನು ಸ್ಥಾಪಿಸುವವರು ರಂಗನಾಥನಿಂದ ಆರಂಭಿಸುವುದು ವಿರಳ.

ಬಸವಾಪಟ್ಟಣದವರು ಹಿಂದೆ ಸರಿದ ಮೇಲೆ ಕೆಳದಿಯ ರಾಜ್ಯವೂ ಚಿತ್ರದುರ್ಗದ ನಾಯಕರ ರಾಜ್ಯವೂ ಎದುರುಬದುರಾದುವು. ೧೭ನೆಯ ಶತಮಾನದ ಕೊನೆಯ ಕಾಲುಭಾಗದಲ್ಲಿ ಸುಮಾರು ೨೫ ವರ್ಷಕಾಲ ಆಳಿದ, ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವಿತ್ತು ಔರಂಗಜೇಬನ ಕೋಪವನ್ನು ಎದುರಿಸಿದ, ರಾಣಿ ಚೆನ್ನಮ್ಮಾಜಿಯ ಹೆಸರಿನಿಂದಲೇ ಈ ಊರಿಗೆ ಚನ್ನಗಿರಿಯೆಂಬ ಹೆಸರಾಯಿತು. ಅದೇ ಕಾಲದಲ್ಲಿ, ೧೬೭೫ರ ಸುಮಾರಿಗೆ, ಚನ್ನಗಿರಿಗೆ ಆಗ್ನೇಯದಲ್ಲಿ ಚಿತ್ರದುರ್ಗದ ಚಿಕ್ಕಣ್ಣನಾಯಕನು ಬೆಟ್ಟದ ಮೇಲೆ ಕೋಟೆಯನ್ನು ಕಟ್ಟಿಸಿದನು. ಅದಕ್ಕೂ ಹೊಸದುರ್ಗವೆಂದೇ ಹೆಸರಾಯಿತು. ಮೇರೆಯ ಒಂದು ಕಡೆಯಲ್ಲಿ ಚನ್ನಗಿರಿ, ಇನ್ನೊಂದು ಕಡೆಯಲ್ಲಿ ಹೊಸದುರ್ಗ: ಒಬ್ಬರ ಬಾಗಿಲಿಗೆ ಇದಿರಾಗಿ ಮತ್ತೊಬ್ಬರ ಬಾಗಿಲು. ಜಗಳೂರಿನ ಸೀಮೆಯಲ್ಲಿಯೂ ರಂಗಯ್ಯನದುರ್ಗವೆಂಬ ಹೆಸರು ಇದೆ. ಇಂದು ಅದು ಕೊಂಡುಕುರಿಗಳ ರಕ್ಷಿತಾರಣ್ಯವೆಂದು ಪ್ರಸಿದ್ಧವಾಗಿದ್ದರೂ ಹೆಸರಿನಲ್ಲಿರುವ ದುರ್ಗಶಬ್ದವು ಆ ಬಯಲಿನ ಹಳೆಯ ಎಚ್ಚರವನ್ನು ನೆನಪಿಗೆ ತರುವುದು.

೬

ಇಲ್ಲಿ ಒಂದು ವಿರೋಧವು ತಲೆದೋರುವುದು. ಊರಿನ ಹೆಸರು ಚೆನ್ನಮ್ಮಾಜಿಯದು, ಎಂದರೆ ೧೭ನೆಯ ಶತಮಾನದ್ದು. ಆದರೆ ಕೋಟೆಯು ೧೭೭೦ರ ಸುಮಾರಿಗೆ ನಿರ್ಮಿತವಾಯಿತೆಂಬುದು ಸಾಮಾನ್ಯವಾಗಿ ಅಂಗೀಕೃತವಾದ ಹೇಳಿಕೆ. ೧೭೭೦ರ ವೇಳೆಗೆ ಚೆನ್ನಮ್ಮಾಜಿಯು ತೀರಿಕೊಂಡು ೭೦ ವರ್ಷಗಳ ಮೇಲಾಗಿದ್ದಿತು. ಕೆಳದಿಯ ರಾಜ್ಯವೇ ಅಳಿದು ಏಳು ವರ್ಷವಾಗಿದ್ದಿತು. ಇದರಿಂದ ಕೆಲವರು ಹೆಸರಿನ ಕಥೆಯೇ ಸುಳ್ಳೆಂದೂ, ‘ಚೆನ್ನ’ ಎಂಬುದು ಇಲ್ಲಿ ಚೆಲುವೆಂಬ ಅರ್ಥದ ವಿಶೇಷಣವೆಂದೂ ಹೇಳಲು ಅವಕಾಶವಾಗುವುದು. ಇನ್ನು ಕೆಲವರು ಹೆಸರನ್ನೇ ನಂಬಿ ಕೋಟೆಯ ಗೋಡೆಯನ್ನೂ ರಾಣಿಯ ಕಾಲಕ್ಕೆ ಒಯ್ಯುವರು.

ವ್ಯಾಕರಣದ ದೃಷ್ಟಿಯಿಂದ ಮೊದಲನೆಯ ಪಕ್ಷವು ದುರ್ಬಲ. ‘ಚೆನ್ನ’ ಎಂಬ ದೇಶ್ಯಶಬ್ದಕ್ಕೆ ‘ಗಿರಿ’ ಎಂಬ ಸಂಸ್ಕೃತಶಬ್ದವನ್ನು ಸೇರಿಸಿದರೆ ಅರಿಸಮಾಸವಾಗುವುದು. ಪೂರ್ವಕವಿಪ್ರಯೋಗವೂ ಬಿರುದುಗಳೂ ಹೊರತಾಗಿ ಉಳಿದೆಡೆಯಲ್ಲಿ ಕೇಶಿರಾಜನು ಅದನ್ನು ಒಪ್ಪುವುದಿಲ್ಲ. ಚೆಲುವಾದ ಬೆಟ್ಟವೆಂದು ಹೇಳಬೇಕಾದ ಜನರು ಬೆಟ್ಟವೆಂಬ ತಮ್ಮ ಮಾತನ್ನೇ ಬಳಸುತ್ತಿದ್ದರು. ಇಂದಿಗೂ ಅಲ್ಲಿಯ ದೇವರು ಬೆಟ್ಟದ ರಂಗನಾಥನೇ ಹೊರತು ಗಿರಿಯ ರಂಗನಾಥನಲ್ಲ. ‘ಚನ್ನ’ ಎಂಬುದು ವ್ಯಕ್ತಿನಾಮವಾದರೆ, ಇದು ಬಿರುದಿನಂತೆ ಆಸ್ಥಾನದಲ್ಲಿ ಇಟ್ಟ ಹೆಸರು, ದೋಷಕ್ಕೆ ಎಡೆಯಿಲ್ಲ. ಕವಲೇದುರ್ಗವು ಭುವನಗಿರಿಯಾದುದು ಇದೇ ಆಸ್ಥಾನದ ರೀತಿಯಿಂದ. ಆದುದರಿಂದ ಹೆಸರು ರಾಣಿಯದೇ ಎಂಬುದನ್ನು ಬಿಡಲಾಗದು. ಕಾಸರಗೋಡಿನ ಚಂದ್ರಗಿರಿಯ ವಿಚಾರದಲ್ಲಿ ಈ ತೊಡಕಿಲ್ಲ. ಅದರ ಎರಡು ಪದಗಳೂ ಸಂಸ್ಕೃತ. ಶ್ರವಣಬೆಳಗೊಳದ ಚಿಕ್ಕಬೆಟ್ಟಕ್ಕೂ ಚಂದ್ರಗಿರಿಯೆಂಬ ಹೆಸರುಂಟು. ವಿಜಯನಗರದ ಕಡೆಯ ಅರಸರ ರಾಜಧಾನಿಯಾಗಿದ್ದ ತಿರುಪತಿಯ ಬಳಿಯ ಕೋಟೆಗೂ ಅದೇ ಹೆಸರು. ಹೆಸರಿನ ಸಾಮ್ಯದಿಂದ ಇವುಗಳ ಚರಿತ್ರೆಯನ್ನು ಒಂದಕ್ಕೊಂದು ಬೆರಸಬಾರದು.

ಎರಡನೆಯ ಪಕ್ಷದ ದೋಷವು ಇದಕ್ಕಿಂತ ದೊಡ್ಡದು. ಹೆಸರು, ನೆಲೆ, ಗೋಡೆ ಇವು ಮೂರು ಬೇರೆ ಬೇರೆ ವಸ್ತುಗಳು. ಇವುಗಳಿಗೆ ಒಂದೇ ಕಾಲವಿರಬೇಕೆಂಬ ನಿಯಮವಿಲ್ಲ. ನೆಲೆಯು ಬಸವಾಪಟ್ಟಣದ ನಾಯಕರ ಕಾಲದ್ದು, ಹೆಸರು ಕೆಳದಿಯ ರಾಣಿಯ ಕಾಲದ್ದು, ಇಂದು ಕಾಣುವ ಗೋಡೆಯು ಮೈಸೂರಿನ ಹೈದರನ ಕಾಲದ್ದು ಎಂದರೆ ಹೇಳಿಕೆಗಳೆಲ್ಲವೂ ಹೊಂದಿಕೊಳ್ಳುವುವು. ೧೭೭೦ರ ಸ್ಥಿತಿಯನ್ನು ನೋಡಿದರೆ ಇದಕ್ಕೆ ಬೆಂಬಲವೂ ದೊರೆಯುವುದು. ಬಿದನೂರು ಹೈದರನಿಗೆ ಸೇರಿದ್ದರೂ ಚಿತ್ರದುರ್ಗವು ಇನ್ನೂ ಮದಕರಿನಾಯಕನ ಕೈಯಲ್ಲಿದ್ದಿತು; ಹೈದರನಿಗೆ ಅದು ದೊರೆತುದು ೧೭೭೯ರಲ್ಲಿ. ೧೭೬೪ರಲ್ಲಿ ಪೇಶ್ವೆ ಮಾಧವರಾಯನ ಸೈನ್ಯವು ರಟ್ಟಿಹಳ್ಳಿಯಲ್ಲಿ ಹೈದರನನ್ನು ಸೋಲಿಸಿತ್ತು. ೧೭೭೦ರಲ್ಲಿ ಮರಾಠರು ನಿಜಗಲ್ಲಿನ ಕೋಟೆಯನ್ನು ಮುತ್ತಿದಾಗ ಚಿತ್ರದುರ್ಗದ ಪಡೆಯು ಅವರ ಕಡೆಗೇ ನಿಂತು ಕಾದಿತು. ಹೀಗೆ ಬಡಗಣಿಂದ ಮರಾಠರೂ ಮೂಡಣಿಂದ ಚಿತ್ರದುರ್ಗದವರೂ ಒತ್ತುತ್ತಿದ್ದ ಕಾಲದಲ್ಲಿ, ಮಲೆನಾಡಿನ ಮೂಡಣ ಬಾಗಿಲನ್ನು ಕಲ್ಲಿನಿಂದ ಭದ್ರಪಡಿಸುವುದು ಮೈಸೂರಿನವರಿಗೆ ಅತ್ಯವಶ್ಯವಾಗಿದ್ದಿತು.

ಅರಸುಗಳು ಬದಲಾದುವು, ಮೇರೆಯು ಬದಲಾಗಲಿಲ್ಲ. ಕೆಳದಿಯವರಿಗೆ ಚಿತ್ರದುರ್ಗವು ನೆರೆಯ ಹಗೆಯಾಗಿದ್ದಂತೆಯೇ ಹೈದರನಿಗೂ ಆಯಿತು. ೧೭೪೮ರಲ್ಲಿ, ಚನ್ನಗಿರಿಗೆ ಬಡಗಲಾಗಿರುವ ಮಾಯಕೊಂಡದ ಬಯಲಿನಲ್ಲಿ ನಡೆದ ಕಾಳಗದಲ್ಲಿ ಹಿಂದಿನ ಒಬ್ಬ ಮದಕರಿನಾಯಕನು ಮಡಿದಾಗ, ಅವನಿಗೆ ವಿರೋಧವಾಗಿ ಹರಪನಹಳ್ಳಿಯವರೇ ಮೊದಲಾದವರೊಡನೆ ಬಿದನೂರಿನವರೂ ಕೂಡಿದ್ದರು. ೧೭೭೯ರಲ್ಲಿ ಚಿತ್ರದುರ್ಗವು ಬಿದ್ದು ಮೇರೆಯ ಎರಡು ಕಡೆಗಳೂ ಒಬ್ಬನ ವಶ ಆದೊಡನೆ ಚನ್ನಗಿರಿಯ ಕೋಟೆಗೆ ಇದ್ದ ಮುಖ್ಯ ಕಾರಣವೂ ಹೋಯಿತು. ಆಶ್ರಯದುರ್ಗವಾಗಿದ್ದರೆ ಅದಕ್ಕೆ ಮುಂದೆಯೂ ಬೆಲೆಯಿರುತ್ತಿದ್ದಿತು. ಬಾಗಿಲಾದುದರಿಂದ, ಎರಡು ಮನೆಗಳು ಒಂದಾದಾಗ ನಡುವಣ ಬಾಗಿಲಿಗೆ ಏನಾಗುವುದೋ ಅದೇ ಆಯಿತು.

೭

ಶಾಸ್ತ್ರವು ಗಡಿದುರ್ಗಕ್ಕೆ ವಿಧಿಸಿರುವ ಎರಡನೆಯ ಕೆಲಸವನ್ನೂ ಮರೆಯಬಾರದು. ಅಂತಪಾಲನು ಯೋಧನಂತೆ ಸುಂಕದವನೂ ಹೌದು. ಚಂದ್ರಗಿರಿಯ ಕೆಳಗೆ ಹೊಳೆಯ ದಾಟು ಇದ್ದಿತು. ತೀರದ ದಾರಿಯಲ್ಲಿ ಬಂದವರು ಅಲ್ಲಿ ದೋಣಿಗೆ ಕಾಯಲೇ ಬೇಕು. ಚನ್ನಗಿರಿಯ ಕೆಳಗೆ ಹೊಳೆಯಿಲ್ಲ. ಆದರೆ ಮಲೆನಾಡಿನ ಅಡಕೆ ಮೆಣಸುಗಳು ಬಯಲಿಗೆ ಇಳಿಯುವ, ಬಯಲಿನ ಕಾಳು ಬಟ್ಟೆಗಳು ಮಲೆನಾಡಿಗೆ ಏರುವ ದಾರಿಯಿದ್ದಿತು. ಎತ್ತಿನ ಹೇರು ನಿಲ್ಲಬೇಕಾದರೆ ನೀರೂ ಮೇವೂ ಪೇಟೆಯೂ ಬೇಕು. ಇವುಗಳಿಗಾಗಿ ಊರು ಬೇಕು. ಆದುದರಿಂದ ಗಡಿದುರ್ಗವು ಊರನ್ನು ಬಿಟ್ಟು ಇರದು. ಕವಲೇದುರ್ಗದ ಜನವು ಕೋಟೆಯ ಒಳಗಿದ್ದಿತು. ಅರಸು ಹೋದ ಮೇಲೆ ಅಲ್ಲಿ ಕಾಡು ಬೆಳೆಯಿತು. ಚನ್ನಗಿರಿಯ ಮತ್ತು ಕಾಸರಗೋಡಿನ ಜನವು ಕೋಟೆಯ ಕೆಳಗಿದ್ದಿತು. ಕೋಟೆ ಬರಿದಾದರೂ ಊರು ಬೆಳೆಯಿತು. ಚನ್ನಗಿರಿಯು ಇಂದಿಗೂ ಅಡಕೆಯ ವ್ಯಾಪಾರಕ್ಕೆ ಹೆಸರಾದ ಪೇಟೆಯಾಗಿರುವುದು ಹಳೆಯ ದಾರಿಯ ಮುಂದುವರಿಕೆಯೇ ಆಗಿದೆ.

ಎರಡು ಬಾಗಿಲುಗಳ ಮುಂದಿನ ಪಾಡು ಒಂದೇ ಬಗೆಯಾಗಲಿಲ್ಲ. ಚನ್ನಗಿರಿಯ ಮೇರೆಯು ಅಳಿಸಿಹೋಗಿ, ಇಂದು ಜಗಳೂರಿಗೂ ಚನ್ನಗಿರಿಗೂ ಒಂದೇ ಜಿಲ್ಲಾಕಚೇರಿ. ಚಂದ್ರಗಿರಿಯ ಮೇರೆಯಾದರೋ ಮತ್ತೆ ಮತ್ತೆ ತಲೆಯೆತ್ತಿತು. ೧೭೯೯ರ ಮೇಲೆ ಆ ಸೀಮೆಯು ಕಂಪನಿಯ ಕೆನರಾ ಜಿಲ್ಲೆಗೆ ಸೇರಿ ಬಹುಕಾಲ ಮಂಗಳೂರಿನ ಆಡಳಿತದಲ್ಲಿದ್ದಿತು. ೧೯೫೬ರ ನವೆಂಬರ್ ೧ರಂದು ರಾಜ್ಯಗಳು ಭಾಷೆಯ ಮೇಲೆ ಪುನರ್ವಿಂಗಡಿತವಾದಾಗ ಕಾಸರಗೋಡು ತಾಲ್ಲೂಕು ಕೇರಳಕ್ಕೆ ಹೋಯಿತು. ಬಡಗಣ ದಡದ ಕನ್ನಡಿಗರು ಇದನ್ನು ಒಪ್ಪದೆ ಹೋರಾಡಿದರು. ೧೯೬೭ರಲ್ಲಿ ಮಹಾಜನ ಆಯೋಗವು ಚಂದ್ರಗಿರಿ ಹೊಳೆಯ ಬಡಗಣ ಭಾಗವು ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಶಿಫಾರಸು ಮಾಡಿತು; ಆ ಶಿಫಾರಸು ಕಾರ್ಯಕ್ಕೆ ಬರಲಿಲ್ಲ. ಆ ವಿವಾದದ ನ್ಯಾಯಾನ್ಯಾಯಗಳು ಇಲ್ಲಿ ವಿಷಯವಲ್ಲ. ಶಿವಪ್ಪನಾಯಕನ ಕಾಲದ ದಂಡನಾಯಕನು ನಿಂತು ನೋಡಿದ ಹೊಳೆಯನ್ನೇ ಮುನ್ನೂರು ವರ್ಷಗಳ ಮೇಲೆ ಆಯೋಗವೊಂದು ಗಡಿಯ ಗೆರೆಯಾಗಿ ಆರಿಸಿಕೊಂಡಿತೆಂಬುದಷ್ಟೇ ಪ್ರಕೃತಕ್ಕೆ ಬೇಕಾದುದು. ಗಡಿದುರ್ಗವನ್ನು ಕಟ್ಟಿದವರು ನೆಲವನ್ನು ಎಷ್ಟು ನಿಷ್ಕೃಷ್ಟವಾಗಿ ಓದಿದ್ದರೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣವು ಬೇಡ.

೮

ಇದುವರೆಗಿನ ವಿಚಾರದಿಂದ ಸಿದ್ಧವಾಗುವುದಿಷ್ಟು. ಬೆಟ್ಟದ ಕೋಟೆಯನ್ನು ಎತ್ತರದಿಂದಲೂ ವಿಸ್ತಾರದಿಂದಲೂ ಅಳೆಯುವುದು ಆಶ್ರಯದುರ್ಗಕ್ಕೆ ಸಲ್ಲುವ ಅಳತೆ. ಗಡಿದುರ್ಗವನ್ನು ಅದು ಏನನ್ನು ನೋಡುತ್ತಿದೆ ಎಂಬುದರಿಂದ ಅಳೆಯಬೇಕು. ಚಂದ್ರಗಿರಿಯು ಹೊಳೆಯನ್ನೂ ಅಳಿವೆಯನ್ನೂ ಕಡಲಂಚಿನ ಪಟ್ಟಣವನ್ನೂ ನೋಡುವುದು. ಚನ್ನಗಿರಿಯು ದಾರಿಯನ್ನೂ ಪೇಟೆಯನ್ನೂ ಬಯಲನ್ನೂ ನೋಡುವುದು. ನೋಟಗಳು ಬೇರೆಯಾದರೂ ಕೆಲಸವು ಒಂದೆ. ಎರಡನೆಯದಾಗಿ, ಕೋಟೆಯೊಂದಕ್ಕೆ ಒಬ್ಬನೇ ಕರ್ತೃವನ್ನೂ ಒಂದೇ ಕಾಲವನ್ನೂ ಹುಡುಕುವ ರೂಢಿಯನ್ನು ಬಿಟ್ಟು, ಹೆಸರಿಗೊಂದು, ನೆಲೆಗೊಂದು, ಗೋಡೆಗೊಂದು ಎಂದು ಮೂರು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಿದರೆ ಐತಿಹ್ಯಕ್ಕೂ ಚರಿತ್ರೆಗೂ ಇರುವ ಜಗಳವು ಬಹುಮಟ್ಟಿಗೆ ಶಮನವಾಗುವುದು. ಕರಾವಳಿಯ ಪ್ರತಿಯೊಂದು ಕೋಟೆಯನ್ನೂ ಶಿವಪ್ಪನಾಯಕನಿಗೆ ಆರೋಪಿಸುವ ಸಂಪ್ರದಾಯಕ್ಕೂ ಈ ಪರೀಕ್ಷೆಯು ಅವಶ್ಯ. ಬೇಕಲದ ವಿಷಯದಲ್ಲಿಯೇ ಹಿರಿಯ ವೆಂಕಟಪ್ಪನಾಯಕನು ಆರಂಭಿಸಿದನೆಂದೂ ಶಿವಪ್ಪನಾಯಕನು ಪೂರೈಸಿದನೆಂದೂ ಹೇಳುವ ಪಕ್ಷವುಂಟು. ಶಿವಪ್ಪನಾಯಕನ ಕೀರ್ತಿಯು ಇದರಿಂದ ಕುಗ್ಗುವುದಿಲ್ಲ. ಅವನ ಹಿಂದಿನವರ ಮತ್ತು ಮುಂದಿನವರ ಕೆಲಸವು ಬೆಳಕಿಗೆ ಬರುವುದು, ಅಷ್ಟೆ.

ಮನುಸ್ಮೃತಿಯಲ್ಲಿ ಆರು ದುರ್ಗಗಳಿಗೂ ಆರು ಬಗೆಯ ನಿವಾಸಿಗಳನ್ನು ಹೇಳಿದೆ. ಮರುಭೂಮಿಯನ್ನು ಮೃಗಗಳೂ, ಬಿಲವನ್ನು ಬಿಲವಾಸಿಗಳೂ, ನೀರನ್ನು ಜಲಚರಗಳೂ, ಮರವನ್ನು ಕಪಿಗಳೂ, ಊರನ್ನು ಮನುಷ್ಯರೂ ಆಶ್ರಯಿಸಿರುವರು. ಗಿರಿದುರ್ಗವನ್ನು ಆಶ್ರಯಿಸಿದವರು ದೇವತೆಗಳು. ಚನ್ನಗಿರಿಯ ಬೆಟ್ಟವನ್ನು ಬಿಟ್ಟು ನಾಯಕರು ಹೋದರು, ರಾಣಿಯ ಅಧಿಕಾರಿಗಳು ಹೋದರು, ನವಾಬನ ಸಿಪಾಯಿಗಳೂ ಹೋದರು. ಗೋಡೆಯೊಳಗೆ ಇಂದಿಗೂ ದೀಪವಿರುವುದು ರಂಗನಾಥನ ಗುಡಿಯಲ್ಲಿ. ಅದಕ್ಕೆ ಎಣ್ಣೆಯು ಕೆಳಗಿನ ಊರಿನಿಂದ ಹೋಗುವುದು.